ಸ್ಟೀರಿಂಗ್ ಭಾರವಾದಾಗ: ಪವರ್ ಸ್ಟೀರಿಂಗ್ ದೋಷವನ್ನು ಮನೆಯಲ್ಲೇ ಪತ್ತೆ ಹಚ್ಚಿ ಸರಿಪಡಿಸುವ ಕ್ರಮ

ಸ್ಟೀರಿಂಗ್ ಭಾರವಾಗಿದೆ ಎಂದು ಕಾರನ್ನು ಗ್ಯಾರೇಜಿಗೆ ಒಯ್ದಾಗ ‘ರ‍್ಯಾಕ್ ಹೋಗಿದೆ, ಪೂರ್ತಿ ಬದಲಿಸಬೇಕು’ ಎಂಬ ಮಾತು ಕೇಳಿ ಗಾಬರಿಯಾದವರು ಬಹಳ ಮಂದಿ ಇದ್ದಾರೆ. ಸ್ಟೀರಿಂಗ್ ತಿರುಗಿಸಿದಂತೆ ಎಡಬಲಕ್ಕೆ ಸರಿದು ಮುಂದಿನ ಚಕ್ರಗಳನ್ನು ತಿರುಗಿಸುವ ಹಲ್ಲುಗಳಿರುವ ದಂಡವೇ ರ‍್ಯಾಕ್. ರ‍್ಯಾಕ್ ಕೆಡುವುದೇ ಇಲ್ಲವೆಂದಲ್ಲ. ಆದರೆ ಅದು ಕೊನೆಗೆ ಅನುಮಾನಿಸಬೇಕಾದ ಭಾಗವೇ ಹೊರತು ಮೊದಲಿಗಲ್ಲ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ, ಬ್ಯಾಟರಿಯ ಟರ್ಮಿನಲ್‌ಗೆ ಕಿಲುಬು ಹಿಡಿದಿದ್ದರೂ, ಪಂಪಿನ ಬೆಲ್ಟು ಸಡಿಲವಾಗಿದ್ದರೂ, ಆಯಿಲ್ ಪೈಪಿನ ಕ್ಲಾಂಪು ಹಿಡಿತ ತಪ್ಪಿದ್ದರೂ ಕೈಗೆ ತಿಳಿಯುವ ಭಾರ ಒಂದೇ ಬಗೆಯದಾಗಿರುತ್ತದೆ. ಆದ್ದರಿಂದ ಸ್ಪಾನರ್ ಹಿಡಿಯುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕಾದ ಸಂಗತಿ ಒಂದಿದೆ: ಸ್ಟೀರಿಂಗ್ ಭಾರವಾಗುವುದು ಯಾವಾಗ? ಬೆಳಿಗ್ಗೆ ಮೊದಲ ಬಾರಿ ಎಂಜಿನ್ ಚಾಲೂ ಮಾಡಿದಾಗ ಮಾತ್ರವೋ, ಗಾಡಿ ಬಿಸಿಯಾದ ಮೇಲೋ, ನಿಂತಲ್ಲೇ ತಿರುಗಿಸುವಾಗಲೋ, ಓಡುವಾಗಲೂ ಹಾಗೆಯೋ, ಎಡಕ್ಕೆ ಮಾತ್ರವೋ, ಎರಡೂ ಕಡೆಗೋ, ಮಳೆಯಲ್ಲಿ ನೀರು ತುಂಬಿದ ರಸ್ತೆ ದಾಟಿದ ಮೇಲೋ? ಈ ಉತ್ತರಗಳಿಂದಲೇ ಅರ್ಧ ಪತ್ತೆ ಮುಗಿದಂತಾಗುತ್ತದೆ.

ನಿಮ್ಮ ಗಾಡಿಯಲ್ಲಿರುವುದು ಯಾವ ಬಗೆ?

ಭಾರತದ ರಸ್ತೆಗಳಲ್ಲಿರುವ ಕಾರುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಪವರ್ ಸ್ಟೀರಿಂಗ್‌ಗಳಿವೆ. ಕ್ವಾಲಿಸ್, ಮೊದಲ ತಲೆಮಾರಿನ ಇನ್ನೋವಾ, ಬೊಲೆರೊಗಳಂತಹ ಗಾಡಿಗಳಲ್ಲಿರುವುದು ಹೈಡ್ರಾಲಿಕ್ ಬಗೆ. ಇಲ್ಲಿ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಡದಿಂದ ಸ್ಟೀರಿಂಗ್ ಗೇರಿಗೆ ತಳ್ಳುತ್ತದೆ. ಸ್ವಿಫ್ಟ್, ಐ10 ಮುಂತಾದ ಸಣ್ಣ ಕಾರುಗಳಲ್ಲಿಯೂ ಈಚಿನ ಬಹುತೇಕ ಎಲ್ಲ ಕಾರುಗಳಲ್ಲಿಯೂ ಇರುವುದು ಇಪಿಎಸ್ ಎಂದು ಕರೆಯುವ ಎಲೆಕ್ಟ್ರಿಕ್ ಬಗೆ; ಅದರಲ್ಲಿ ಎಣ್ಣೆಯೂ ಇಲ್ಲ, ಪಂಪೂ ಇಲ್ಲ, ಬೆಲ್ಟೂ ಇಲ್ಲ, ಒಂದು ಮೋಟಾರು ಮತ್ತು ಅದನ್ನು ನಿಯಂತ್ರಿಸುವ ಪೆಟ್ಟಿಗೆ ಮಾತ್ರ. ಹೈಡ್ರಾಲಿಕ್ ಬಗೆ 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನೊಂದಿಗೆ ಮಾರುಕಟ್ಟೆಗೆ ಬಂತು. ಎಲೆಕ್ಟ್ರಿಕ್ ಬಗೆ 1988ರಲ್ಲಿ ಜಪಾನಿನ ಪುಟ್ಟ ಸುಜುಕಿ ಸೆರ್ವೊದಲ್ಲಿ ಬಂತು. ಬಾನೆಟ್ ಎತ್ತಿದಾಗ ಸ್ಟೀರಿಂಗ್ ಚಕ್ರದ ಚಿತ್ರವಿರುವ ಮುಚ್ಚಳದ ಸಣ್ಣ ಡಬ್ಬಿ ಕಂಡರೆ ನಿಮ್ಮದು ಹೈಡ್ರಾಲಿಕ್. ಎಷ್ಟು ಹುಡುಕಿದರೂ ಅಂಥ ಡಬ್ಬಿ ಸಿಗದಿದ್ದರೆ ಎಲೆಕ್ಟ್ರಿಕ್.

ಎರಡರಲ್ಲಿಯೂ ಸಮಾನವಾದ ಅಂಶವೊಂದಿದೆ, ಅದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಸ್ಟೀರಿಂಗ್ ಚಕ್ರಕ್ಕೂ ಕೆಳಗೆ ರ‍್ಯಾಕಿನ ಹಲ್ಲುಗಳಿಗೆ ಕೂಡಿಕೊಂಡಿರುವ ಪಿನಿಯನ್ ಗೇರಿಗೂ ನಡುವೆ ತೆಳುವಾದ ಉಕ್ಕಿನ ಕಡ್ಡಿಯೊಂದು ಇರುತ್ತದೆ. ನೀವು ಚಕ್ರ ತಿರುಗಿಸಿದಾಗ ಟೈರು ತಿರುಗಲು ಒಪ್ಪದಷ್ಟು ಹೊತ್ತು ಈ ಕಡ್ಡಿ ಕೆಲವೇ ಡಿಗ್ರಿಯಷ್ಟು ತಿರುಚಿಕೊಳ್ಳುತ್ತದೆ. ಆ ತಿರುಚುವಿಕೆ ಹೈಡ್ರಾಲಿಕ್ ಬಗೆಯಲ್ಲಿ ಒಂದು ವಾಲ್ವನ್ನು ತೆರೆದು ಎಣ್ಣೆಯನ್ನು ಎಡಕ್ಕೋ ಬಲಕ್ಕೋ ಬಿಡುತ್ತದೆ. ಎಲೆಕ್ಟ್ರಿಕ್ ಬಗೆಯಲ್ಲಿ ಸೆನ್ಸರ್ ಅದನ್ನು ಅಳೆದು ಮೋಟಾರಿಗೆ ಸೂಚನೆ ಕೊಡುತ್ತದೆ. ಪವರ್ ಪೂರ್ತಿ ಕೈಕೊಟ್ಟರೂ ಈ ಕಡ್ಡಿಯ ಜೊತೆಗಿರುವ ಲೋಹದ ಸಂಪರ್ಕ ಕಡಿಯುವುದಿಲ್ಲವಾದ್ದರಿಂದ ಸ್ಟೀರಿಂಗ್ ತುಂಬ ಭಾರವಾಗುತ್ತದೆಯೇ ಹೊರತು ಚಕ್ರಗಳು ನಿಮ್ಮ ಕೈತಪ್ಪಿ ಹೋಗುವುದಿಲ್ಲ. ಓಡುತ್ತಿರುವಾಗ ಹಾಗಾದರೆ ಹೆದರಿ ಕೈಬಿಡದೆ, ಎರಡೂ ಕೈಗಳಿಂದ ಬಲವಾಗಿ ಹಿಡಿದು ವೇಗ ತಗ್ಗಿಸಿ ಬದಿಗೆ ನಿಲ್ಲಿಸಿ. ಇಲ್ಲಿಯೇ ಒಂದು ಮಾತನ್ನು ಹೇಳಿಬಿಡುತ್ತೇನೆ: ಘಾಟಿ ಇಳಿಯುವಾಗ ಡೀಸೆಲ್ ಉಳಿಸಲೆಂದು ಎಂಜಿನ್ ಆರಿಸುವವರನ್ನು ಈಗಲೂ ಕಾಣುತ್ತೇವೆ. ಎಂಜಿನ್ ಆರಿದರೆ ಸ್ಟೀರಿಂಗಿನ ಸಹಾಯವೂ ನಿಲ್ಲುತ್ತದೆ, ನಾಲ್ಕೈದು ಸಲ ಒತ್ತುವಷ್ಟರಲ್ಲಿ ಬ್ರೇಕಿನ ಬಲವೂ ಕುಗ್ಗುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಒಂದರಲ್ಲಿಯೂ ಹಾಗೆ ಮಾಡಬೇಡಿ.

ಕೆಲಸಕ್ಕೆ ಇಳಿಯುವ ಮುನ್ನ

ಬೇಕಾಗುವ ಸಾಮಾನುಗಳು ಹೆಚ್ಚೇನಿಲ್ಲ: ಗಾಳಿ ಅಳೆಯುವ ಗೇಜು, ಸಾಧಾರಣ ಮಲ್ಟಿಮೀಟರ್, 10, 12 ಮತ್ತು 14ರ ಸ್ಪಾನರುಗಳು, ಸ್ಕ್ರೂಡ್ರೈವರ್, ಪ್ಲೈಯರ್, ದೊಡ್ಡ ಸಿರಿಂಜು ಮತ್ತು ಅದಕ್ಕೆ ಹೊಂದುವ ತೆಳು ಪ್ಲಾಸ್ಟಿಕ್ ಪೈಪು, ಟಾರ್ಚು, ಹಳೆಯ ಬಟ್ಟೆ, ಒಂದೆರಡು ರಟ್ಟಿನ ಹಾಳೆ, ಜಾಕಿ ಮತ್ತು ಎರಡು ಜಾಕ್ ಸ್ಟ್ಯಾಂಡುಗಳು. ಕೊನೆಯದರಲ್ಲಿ ರಾಜಿ ಬೇಡ. ಜಾಕಿಯೊಂದನ್ನೇ ನಂಬಿ, ಅಥವಾ ಇಟ್ಟಿಗೆ, ಸೈಜುಗಲ್ಲುಗಳನ್ನು ಪೇರಿಸಿ ಕಾರಿನ ಅಡಿಗೆ ತಲೆ ಹಾಕಬಾರದು. ಇಟ್ಟಿಗೆ ಯಾವ ಮುನ್ಸೂಚನೆಯೂ ಇಲ್ಲದೆ ಪುಡಿಯಾಗುತ್ತದೆ. ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡ್ಡ ಕೊಟ್ಟು, ಆಮೇಲೆ ಮುಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಎಂಜಿನ್ ಓಡುವಾಗ ಬಾನೆಟ್ಟಿನೊಳಗೆ ಬಗ್ಗುವವರು ಪಂಚೆಯ ತುದಿ, ಸೆರಗು, ದುಪಟ್ಟಾ, ಕೊರಳ ಸರ ಯಾವುದೂ ಜೋತಾಡದಂತೆ ನೋಡಿಕೊಳ್ಳಬೇಕು. ಬೆಲ್ಟು ಎಳೆದುಕೊಳ್ಳುವ ವೇಗಕ್ಕೆ ಕೈ ಹಿಂತೆಗೆಯಲು ಸಮಯ ಸಿಗುವುದಿಲ್ಲ.

ಮೊದಲು ಟೈರು, ಆಮೇಲೆ ಎತ್ತಿ ನೋಡುವ ಪರೀಕ್ಷೆ

ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಅಂದರೆ ಟೈರು ತಣ್ಣಗಿರುವಾಗ, ಗಾಳಿಯನ್ನು ಅಳೆಯಿರಿ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿರುತ್ತದೆ. ಟೈರಿನ ಮೈಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿಯೇ ಹೊರತು ನೀವು ತುಂಬಿಸಬೇಕಾದ ಅಳತೆಯಲ್ಲ. 33 ಪಿಎಸ್‌ಐ ಇರಬೇಕಾದಲ್ಲಿ 22 ಇದ್ದರೆ ನಿಂತಲ್ಲಿ ತಿರುಗಿಸುವಾಗ ಸ್ಟೀರಿಂಗ್ ಕಲ್ಲಿನಂತಾಗುತ್ತದೆ. ಕಂಪನಿಯ ಅಳತೆಗಿಂತ ಅಗಲವಾದ ಟೈರು ಹಾಕಿಸಿದ್ದರೂ ಇದೇ ಭಾರ ಬರುತ್ತದೆ, ಅದಕ್ಕೆ ಪವರ್ ಸ್ಟೀರಿಂಗನ್ನು ದೂರಿ ಪ್ರಯೋಜನವಿಲ್ಲ.

ಗಾಳಿ ಸರಿಯಿದ್ದೂ ಭಾರವಾಗಿದ್ದರೆ ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿ, ಎಂಜಿನ್ ಚಾಲೂ ಮಾಡದೆ, ಕೀಲಿಯನ್ನು ಸ್ಟೀರಿಂಗ್ ಲಾಕ್ ಬಿಡುವಷ್ಟು ಮಾತ್ರ ತಿರುಗಿಸಿ, ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ತಿರುಗಿಸಿ ನೋಡಿ. ಗಾಳಿಯಲ್ಲಿರುವ ಚಕ್ರಗಳು ಒಂದೇ ಸಮನಾಗಿ, ಸುಲಭವಾಗಿ ತಿರುಗಿದರೆ ಲೋಹದ ಭಾಗಗಳು ಆರೋಗ್ಯವಾಗಿವೆ, ತೊಂದರೆ ಇರುವುದು ಸಹಾಯ ಕೊಡುವ ವ್ಯವಸ್ಥೆಯಲ್ಲಿ ಎಂದು ತಿಳಿಯಬೇಕು. ಗಾಳಿಯಲ್ಲಿಯೂ ಬಿಗಿಯಾಗಿದ್ದರೆ, ಅಥವಾ ಮಧ್ಯೆ ಮಧ್ಯೆ ಹಿಡಿದುಕೊಂಡರೆ, ಪಂಪಿಗೂ ಮೋಟಾರಿಗೂ ಕೈ ಹಾಕಬೇಡಿ. ಚಕ್ರದ ಬಳಿ ಗುಂಡಿನಂತೆ ಹೊರಳುವ ಬಾಲ್ ಜಾಯಿಂಟು, ಸ್ಟೀರಿಂಗಿನಿಂದ ಕೆಳಗಿಳಿಯುವ ಶಾಫ್ಟಿನಲ್ಲಿ ಮಡಚಿಕೊಳ್ಳುವ ಕ್ರಾಸ್ ಜಾಯಿಂಟು, ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ಬೇರಿಂಗು ಇವುಗಳಲ್ಲಿ ಒಂದು ತುಕ್ಕು ಹಿಡಿದಿದೆ. ಕಾಲು ಗಂಟೆಯ ಈ ಒಂದು ಪರೀಕ್ಷೆ ಪಂಪು ಬದಲಿಸುವ ಖರ್ಚನ್ನು ಎಷ್ಟೋ ಸಲ ಉಳಿಸುತ್ತದೆ.

ಹೈಡ್ರಾಲಿಕ್ ಬಗೆ: ಎಣ್ಣೆಯಿಂದ ಆರಂಭ

ಡಬ್ಬಿಯ ಸುತ್ತಲಿನ ಮಣ್ಣನ್ನು ಒರೆಸಿದ ಮೇಲೆಯೇ ಮುಚ್ಚಳ ತೆಗೆಯಿರಿ. ಒಳಗೆ ಬಿದ್ದ ಮರಳಿನ ಒಂದು ಕಣ ಪಂಪಿನ ರೆಕ್ಕೆಗಳನ್ನು ಗೀರಬಲ್ಲದು. ಮುಚ್ಚಳದ ಕಡ್ಡಿಯ ಮೇಲೆ ತಣ್ಣಗಿರುವಾಗಿನ ಮತ್ತು ಬಿಸಿಯಿರುವಾಗಿನ ಗುರುತುಗಳು ಬೇರೆ ಬೇರೆ ಇರುತ್ತವೆ. ಮಟ್ಟದ ಜೊತೆಗೆ ಎಣ್ಣೆಯ ರೂಪವನ್ನೂ ಗಮನಿಸಿ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟಾಗ ಕೆಂಪಾಗಿ ತಿಳಿಯಾಗಿ ಹರಡಿದರೆ ಚೆನ್ನಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬದಲಿಸುವ ಕಾಲ ಮೀರಿದೆ. ಲೋಹದ ಮಿನುಗು ಕಂಡರೆ ಪಂಪು ಒಳಗೆ ಸವೆಯುತ್ತಿದೆ. ಹಾಲು ಬೆರೆಸಿದಂತೆ ಮಸುಕಾಗಿದ್ದರೆ ಗಾಳಿಯೋ ನೀರೋ ಸೇರಿದೆ. ಗಾಳಿ ಸೇರಿರುವುದನ್ನು ಖಚಿತಪಡಿಸಿಕೊಳ್ಳಲು ಒಂದು ಸುಲಭ ದಾರಿಯಿದೆ: ಎಂಜಿನ್ ಓಡುವಾಗ ಮಟ್ಟವನ್ನು ನೋಡಿಕೊಂಡು, ಆರಿಸಿದ ಕೂಡಲೇ ಮತ್ತೆ ನೋಡಿ. ಸುಮಾರು 5 ಮಿಲಿಮೀಟರಿಗಿಂತ ಹೆಚ್ಚು ಮೇಲೇರಿದರೆ ಪೈಪುಗಳೊಳಗೆ ಗಾಳಿ ಅಡಗಿದೆ ಎಂದರ್ಥ, ಏಕೆಂದರೆ ಒತ್ತಡ ಇಳಿದಾಗ ಹಿಗ್ಗುವುದು ಗಾಳಿಯೇ ಹೊರತು ಎಣ್ಣೆಯಲ್ಲ.

ಮಟ್ಟ ಕಡಿಮೆಯಿದ್ದರೆ ತುಂಬಿಸಿ ಸುಮ್ಮನಾಗುವಂತಿಲ್ಲ. ಇದು ಮುಚ್ಚಿದ ವ್ಯವಸ್ಥೆ, ಎಣ್ಣೆ ಉರಿದುಹೋಗುವುದಿಲ್ಲ; ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆ. ತುಂಬಿಸುವಾಗ ಮುಚ್ಚಳದ ಮೇಲೆ ಅಥವಾ ಗಾಡಿಯ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಬೇಕು. ಅನೇಕ ಗಾಡಿಗಳಿಗೆ ಡೆಕ್ಸ್‌ರಾನ್ ಜಾತಿಯ ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಕಾರುಗಳಲ್ಲಿಯೂ ಬಳಸುವ ಎಣ್ಣೆ) ಸರಿಹೊಂದುತ್ತದೆ. ಕೆಲವು ಯುರೋಪಿಯನ್ ಕಾರುಗಳಿಗೆ ಹಸಿರು ಬಣ್ಣದ ಬೇರೆಯೇ ಎಣ್ಣೆ ಬೇಕು. ಹೋಂಡಾ ತನ್ನದೇ ಎಣ್ಣೆಯನ್ನು ಹೇಳುತ್ತದೆ. ಇವನ್ನು ಒಂದಕ್ಕೊಂದು ಬೆರೆಸಬಾರದು. ಬ್ರೇಕ್ ಆಯಿಲನ್ನಂತೂ ಮರೆತೂ ಹಾಕಬಾರದು. ಅದು ಒಳಗಿನ ರಬ್ಬರ್ ಸೀಲುಗಳನ್ನು ಉಬ್ಬಿಸಿ ಹಾಳುಮಾಡುತ್ತದೆ, ಆಗ ಪಂಪಿನಿಂದ ರ‍್ಯಾಕಿನವರೆಗೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಸೋರಿಕೆ ನಿಲ್ಲಿಸುತ್ತದೆಂದು ಮಾರುವ ದ್ರವಗಳು ಸೀಲನ್ನು ತುಸು ಉಬ್ಬಿಸಿ ಕೆಲವು ಕಾಲ ತಡೆಯುತ್ತವೆ, ಅಷ್ಟೆ. ಹರಿದ ಪೈಪಿಗೆ ಅವುಗಳಿಂದ ಏನೂ ಆಗುವುದಿಲ್ಲ, ನಾನಂತೂ ಬಳಸುವುದಿಲ್ಲ.

ಸೋರುವ ಜಾಗವನ್ನು ಹುಡುಕುವುದು ತಾಳ್ಮೆಯ ಕೆಲಸ. ಎಣ್ಣೆ ಸೋರಿದ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು. ಪೈಪಿನ ಮೈಮೇಲೆ ಹರಿದು ಒಂದಡಿ ಆಚೆಗೆ ಬೀಳುತ್ತದೆ. ಎಲ್ಲವನ್ನೂ ಬಟ್ಟೆಯಿಂದ ಒಣಗುವಂತೆ ಒರೆಸಿ, ಪೈಪುಗಳ ಸಂದುಗಳಿಗೂ ಪಂಪಿನ ಸುತ್ತಲೂ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ, ಎಂಜಿನ್ ಚಾಲೂ ಮಾಡಿ ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ತಿರುಗಿಸಲಿ. ಕೆಲವು ನಿಮಿಷ ಬಿಟ್ಟು ಎಂಜಿನ್ ಆರಿಸಿ ಟಾರ್ಚು ಹಿಡಿದು ನೋಡಿದರೆ, ಬಿಳಿ ಪೌಡರಿನ ಮೇಲೆ ಕೆಂಪು ತೇವ ಮೊದಲು ಮೂಡಿದ ಜಾಗವೇ ಸೋರಿಕೆಯ ಮೂಲ. ಈ ವೇಳೆ ಒತ್ತಡದ ಪೈಪನ್ನು ಕೈಯಿಂದ ಸವರಬೇಡಿ. ಸ್ಟೀರಿಂಗ್ ಪೂರ್ತಿ ತಿರುಗಿದಾಗ ಆ ಪೈಪಿನೊಳಗಿನ ಒತ್ತಡ ಟೈರಿನ ಗಾಳಿಯ ಹತ್ತಾರು ಪಟ್ಟು ಇರುತ್ತದೆ. ಪಿನ್ನಿನ ಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು. ಹಾಗಾದರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಚಿಮ್ಮುವಿಕೆಯನ್ನು ನೋಡಲು ರಟ್ಟಿನ ತುಂಡನ್ನು ಉದ್ದನೆಯ ಕೋಲಿಗೆ ಕಟ್ಟಿ ಪೈಪಿನ ಬಳಿ ಹಿಡಿಯಿರಿ. ಬಿಸಿಯಾದ ಸೈಲೆನ್ಸರ್ ಪೈಪಿನ ಮೇಲೆ ಈ ಎಣ್ಣೆ ಬೀಳುತ್ತಿದ್ದರೆ ಬೆಂಕಿ ಹತ್ತುವ ಸಂಭವವಿದೆ, ಗಾಡಿಯನ್ನು ಓಡಿಸಲೇಬೇಡಿ.

ರ‍್ಯಾಕಿನ ಎರಡು ತುದಿಗಳಲ್ಲಿ ಅಕಾರ್ಡಿಯನ್ನಿನಂತೆ ಮಡಿಕೆ ಮಡಿಕೆಯಾಗಿರುವ ರಬ್ಬರ್ ಬೂಟುಗಳನ್ನು ಹಿಸುಕಿ ನೋಡಿ. ಒಳಗೆ ಎಣ್ಣೆ ತುಳುಕುತ್ತಿದ್ದರೆ ರ‍್ಯಾಕಿನ ಸೀಲು ಹೋಗಿದೆ, ಅದು ಮನೆಯ ಕೆಲಸವಲ್ಲ. ಬೂಟು ಹರಿದು ಕೆಸರು ನುಗ್ಗಿದ್ದರೆ, ಎಣ್ಣೆ ಸೋರದಿದ್ದರೂ, ಕೂಡಲೇ ಬದಲಿಸಿ. ಮಳೆಗಾಲದ ಮಲೆನಾಡಿನ ಕಚ್ಚಾ ರಸ್ತೆಯಲ್ಲಿ ಓಡುವ ಗಾಡಿಗಳ ರ‍್ಯಾಕುಗಳು ಕೆಡುವುದು ಹೆಚ್ಚಾಗಿ ಹೀಗೆಯೇ.

ಗುಂಯ್‌ಗುಡುವ ಸದ್ದು ಮತ್ತು ಒಣಗಿದ ಪೈಪು

ನಮ್ಮ ಮನೆಯ ಹಳೆಯ ಡೀಸೆಲ್ ಗಾಡಿಯಲ್ಲಿ ಒಂದು ಮಳೆಗಾಲದ ಕೊನೆಗೆ, ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಪಕ್ಕದ ಮನೆಯಲ್ಲಿ ಮಿಕ್ಸಿ ಓಡಿದಂತೆ ಒಂದು ಗುಂಯ್ ಸದ್ದು ಶುರುವಾಯಿತು. ಸ್ಟೀರಿಂಗ್ ತಿರುಗಿಸಿದರೆ ಸದ್ದು ಏರುತ್ತಿತ್ತು, ಕೈಗೆ ನಡುಕ ತಾಕುತ್ತಿತ್ತು. ತೋರಿಸಿದ ಕಡೆ ಪಂಪು ಬದಲಿಸಬೇಕೆಂದರು. ಕಾರಿನ ಅಡಿಯಲ್ಲಿ ಒಂದು ಹನಿ ಎಣ್ಣೆಯೂ ಬಿದ್ದಿರಲಿಲ್ಲವಾದ್ದರಿಂದ ನಾನೂ ಅದನ್ನೇ ನಂಬಿದ್ದೆ. ಮರುದಿನ ಡಬ್ಬಿಯ ಮುಚ್ಚಳ ತೆಗೆದಾಗ ಎಣ್ಣೆಯ ಮೇಲೆ ಆಗಷ್ಟೇ ಎತ್ತಿ ಹೊಯ್ದ ಕಾಫಿಯಂತೆ ನೊರೆ ನಿಂತಿತ್ತು. ಡಬ್ಬಿಯಿಂದ ಪಂಪಿಗೆ ಹೋಗುವ ದಪ್ಪ ರಬ್ಬರ್ ಪೈಪಿನಲ್ಲಿ ಪಂಪು ಎಣ್ಣೆಯನ್ನು ಹೀರುತ್ತದೆ. ಅಲ್ಲಿ ಸಂದು ಬಿಟ್ಟರೆ ಎಣ್ಣೆ ಹೊರಬರುವ ಬದಲು ಗಾಳಿ ಒಳಬರುತ್ತದೆ, ಆದ್ದರಿಂದ ಹೊರಗೆ ಒಣಗಿಯೇ ಇರುತ್ತದೆ. ಆ ಪೈಪಿನ ಪಂಪಿನ ಕಡೆಯ ತುದಿಗೆ ಗಟ್ಟಿ ಗ್ರೀಸನ್ನು ಸುತ್ತಲೂ ಮೆತ್ತಿ ಎಂಜಿನ್ ಚಾಲೂ ಮಾಡಿದಾಗ ಒಂದು ನಿಮಿಷದೊಳಗೆ ಸದ್ದು ಕುಗ್ಗಿತು. ಬಿಚ್ಚಿ ನೋಡಿದರೆ ಪೈಪಿನ ತುದಿಯ ಒಂದು ಬೆರಳಗಲ ರಬ್ಬರು ಶಾಖಕ್ಕೆ ಗಟ್ಟಿಯಾಗಿ, ಉಗುರಿನಿಂದ ಒತ್ತಿದರೂ ತಗ್ಗದಂತಾಗಿತ್ತು; ಸ್ಪ್ರಿಂಗ್ ಕ್ಲಾಂಪು ಎರಡು ಬೆರಳಲ್ಲಿ ತಿರುಗುತ್ತಿತ್ತು. ಗಟ್ಟಿಯಾದ ಭಾಗವನ್ನು ನೇರವಾಗಿ ಕತ್ತರಿಸಿ, ಉಳಿದ ಮೆತ್ತನೆಯ ಭಾಗವನ್ನು ಪೂರ್ತಿ ಒಳಗೆ ತಳ್ಳಿ, ಹೊಸ ಸ್ಕ್ರೂ ಕ್ಲಾಂಪು ಹಾಕಿ ಬಿಗಿದು, ಗಾಳಿ ತೆಗೆದೆ. ಪಂಪು ಅದೇ ಇದೆ, ಈಗಲೂ ಸದ್ದಿಲ್ಲ.

ಹೀರುವ ಪೈಪಿಗೂ ಎಣ್ಣೆ ಹಿಂದಿರುಗುವ ಪೈಪಿಗೂ ಈ ರಿಪೇರಿ ಸಲ್ಲುತ್ತದೆ. ಪಂಪಿನಿಂದ ರ‍್ಯಾಕಿಗೆ ಹೋಗುವ ಒತ್ತಡದ ಪೈಪಿಗೆ ಮಾತ್ರ ಕ್ಲಾಂಪು, ಟೇಪು, ತುಂಡು ಪೈಪು ಯಾವುದೂ ಕೂಡದು. ಅದನ್ನು ಇಡಿಯಾಗಿ ಬದಲಿಸಬೇಕು, ಅದರ ತುದಿಯ ತಾಮ್ರದ ವಾಷರ್ ಅಥವಾ ಓ-ರಿಂಗನ್ನು ಹೊಸದಾಗಿಯೇ ಹಾಕಬೇಕು.

ಬೆಲ್ಟು

ಪೂರ್ತಿ ತಿರುಗಿಸಿದಾಗ ಕೀರಲು ಸದ್ದು ಬಂದರೆ ಅದು ಬೆಲ್ಟಿನದು. ಎಂಜಿನ್ ಆರಿಸಿ, ಎರಡು ಪುಲ್ಲಿಗಳ ನಡುವಿನ ಉದ್ದ ಭಾಗವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ಸುಮಾರು 10 ಮಿಲಿಮೀಟರ್ ತಗ್ಗಬೇಕು. ನಿಖರವಾದ ಅಳತೆ ಕೈಪಿಡಿಯಲ್ಲಿರುತ್ತದೆ. ಹೊಳಪೇರಿದ, ಬಿರುಕುಬಿಟ್ಟ, ಎಣ್ಣೆ ಕುಡಿದ ಬೆಲ್ಟನ್ನು ಬಿಗಿಗೊಳಿಸಿ ಪ್ರಯೋಜನವಿಲ್ಲ, ಬದಲಿಸಬೇಕು. ಅಗತ್ಯಕ್ಕಿಂತ ಹೆಚ್ಚು ಬಿಗಿದರೆ ಪಂಪಿನ ಬೇರಿಂಗು ಹೋಗುತ್ತದೆ. ತಾನಾಗಿಯೇ ಬಿಗಿದುಕೊಳ್ಳುವ ಟೆನ್ಷನರ್ ಇರುವ ಗಾಡಿಗಳಲ್ಲಿ ಹೊಂದಿಸಲು ಏನೂ ಇರುವುದಿಲ್ಲ. ಅಲ್ಲಿ ಸಡಿಲ ಕಂಡರೆ ಟೆನ್ಷನರನ್ನೇ ಅನುಮಾನಿಸಿ.

ಎಣ್ಣೆ ಬದಲಿಸಿ ಗಾಳಿ ತೆಗೆಯುವುದು

ಮನೆಯಲ್ಲಿ ಮಾಡಲು ಅತಿ ಸುರಕ್ಷಿತವಾದ ಕ್ರಮ ಸಿರಿಂಜಿನದು. ಡಬ್ಬಿಯಲ್ಲಿರುವ ಹಳೆಯ ಎಣ್ಣೆಯನ್ನು ಸಿರಿಂಜಿನಿಂದ ಪೂರ್ತಿ ಹೀರಿ ತೆಗೆದು ಹೊಸದನ್ನು ಗುರುತಿನವರೆಗೆ ತುಂಬಿ, ಎರಡು ಮೂರು ದಿನ ಗಾಡಿ ಓಡಿಸಿ, ಮತ್ತೆ ಹಾಗೆಯೇ ಮಾಡಿ. ನಾಲ್ಕು ಸಲ ಹೀಗೆ ಮಾಡುವಷ್ಟರಲ್ಲಿ ಎಣ್ಣೆಯ ಬಣ್ಣ ತಿಳಿಯಾಗಿರುತ್ತದೆ. ಅನೇಕ ಕಾರುಗಳಲ್ಲಿ ಒಟ್ಟು ಎಣ್ಣೆ ಒಂದು ಲೀಟರಿನ ಆಸುಪಾಸಿನಲ್ಲೇ ಇರುವುದರಿಂದ ಎರಡು ಲೀಟರ್ ತಂದಿಟ್ಟುಕೊಂಡರೆ ಸಾಕು. ಹಳೆಯ ಎಣ್ಣೆಯನ್ನು ಚರಂಡಿಗೋ ತೋಟದ ಮೂಲೆಗೋ ಸುರಿಯಬೇಡಿ, ಅದು ಇಂಗಿ ಬಾವಿಯ ನೀರು ಸೇರುತ್ತದೆ. ಕ್ಯಾನಿನಲ್ಲಿ ಹಿಡಿದಿಟ್ಟು ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಯಾವುದೇ ಪೈಪು ಬಿಚ್ಚಿದ್ದರೆ ಗಾಳಿ ತೆಗೆಯದೆ ಗಾಡಿ ಓಡಿಸಬಾರದು. ಮುಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟು, ಡಬ್ಬಿಯನ್ನು ತುಂಬಿ, ಎಂಜಿನ್ ಚಾಲೂ ಮಾಡದೆಯೇ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹದಿನೈದು ಇಪ್ಪತ್ತು ಸಲ ತಿರುಗಿಸಿ. ಡಬ್ಬಿಯಲ್ಲಿ ಗುಳ್ಳೆಗಳು ಏಳುತ್ತವೆ, ಮಟ್ಟ ಇಳಿಯುತ್ತದೆ. ಇಳಿದಂತೆಲ್ಲ ತುಂಬುತ್ತಿರಿ, ಡಬ್ಬಿ ಒಮ್ಮೆಯೂ ಬರಿದಾಗಬಾರದು. ಗುಳ್ಳೆ ನಿಂತ ಮೇಲೆ ಹತ್ತು ನಿಮಿಷ ಬಿಟ್ಟು, ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಒತ್ತದೆ ಅದೇ ರೀತಿ ನಿಧಾನವಾಗಿ ಕೆಲವು ಸಲ ತಿರುಗಿಸಿ. ತುದಿಗೆ ತಲುಪಿದಾಗ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬೇಡಿ. ಪಂಪು ಅಲ್ಲಿ ಗರಿಷ್ಠ ಒತ್ತಡದಲ್ಲಿ ಎಣ್ಣೆಯನ್ನು ತನ್ನೊಳಗೇ ಸುತ್ತಿಸಿ ಕಾಯಿಸುತ್ತದೆ. ನೊರೆ ಕಂಡರೆ ಅವಸರ ಮಾಡದೆ ಎಂಜಿನ್ ಆರಿಸಿ ಅರ್ಧ ಗಂಟೆ ಬಿಡಿ, ನೊರೆ ಅಡಗಿದ ಮೇಲೆ ಮತ್ತೆ ಆರಂಭಿಸಿ.

ಎಣ್ಣೆ, ಬೆಲ್ಟು, ಪೈಪು ಎಲ್ಲವೂ ಸರಿಯಾದ ಮೇಲೂ ತೊಂದರೆ ಉಳಿದರೆ ಅದರ ಬಗೆಯನ್ನು ನೋಡಿ. ಐಡ್ಲಿಂಗಿನಲ್ಲಿ ಭಾರವಾಗಿದ್ದು ಆಕ್ಸಿಲರೇಟರ್ ಒತ್ತಿದಾಗ ಹಗುರವಾದರೆ ಪಂಪು ಸವೆದಿದೆ. ಒಂದು ಕಡೆಗೆ ಮಾತ್ರ ಭಾರವಾದರೆ ಪಂಪಿನ ತಪ್ಪಿಲ್ಲ, ಏಕೆಂದರೆ ಪಂಪಿಗೆ ಎಡಬಲ ಗೊತ್ತಿಲ್ಲ. ಎಣ್ಣೆಯನ್ನು ಎಡಬಲಕ್ಕೆ ಹಂಚುವ ವಾಲ್ವು ಅಥವಾ ರ‍್ಯಾಕಿನ ಒಳಗಿನ ಸೀಲು ಕೆಟ್ಟಿದೆ. ಬೆಳಗಿನ ಮೊದಲ ಕೆಲವು ನಿಮಿಷ ಮಾತ್ರ ಭಾರವಾಗಿ ಆಮೇಲೆ ಸರಿಹೋದರೆ, ಅದೂ ವಾಲ್ವಿನ ಸೀಲುಗಳ ಸವೆತವೇ.

ಎಲೆಕ್ಟ್ರಿಕ್ ಬಗೆ: ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ

ಇಪಿಎಸ್ ಮೋಟಾರು ನಿಂತಲ್ಲಿ ಚಕ್ರ ತಿರುಗಿಸುವಾಗ ಹತ್ತಾರು ಆಂಪಿಯರ್ ಕರೆಂಟು ಎಳೆಯುತ್ತದೆ. ಬ್ಯಾಟರಿ ಸೊರಗಿದ್ದರೆ ನಿಯಂತ್ರಣ ಪೆಟ್ಟಿಗೆ ತನ್ನ ರಕ್ಷಣೆಗಾಗಿ ಸಹಾಯವನ್ನು ತಗ್ಗಿಸಿ, ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಂಗ್ ದೀಪ ಹೊತ್ತಿಸುತ್ತದೆ. ಹಾಗಾಗಿ ಈ ಬಗೆಯಲ್ಲಿ ಮೊದಲ ಅನುಮಾನ ಬ್ಯಾಟರಿಯ ಮೇಲೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿಯ ಎರಡು ಕಂಬಗಳ ನಡುವೆ 12.6 ವೋಲ್ಟಿನಷ್ಟು ಇರಬೇಕು, 12.2 ಇದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರವರೆಗೆ ತೋರಿಸಬೇಕು. ಈಗ ಹೆಡ್‌ಲೈಟು ಹಾಕಿ, ಒಬ್ಬರು ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಮೀಟರ್ ನೋಡಿ. 13ರ ಆಸುಪಾಸಿನಲ್ಲಿ ನಿಂತರೆ ಚಿಂತೆಯಿಲ್ಲ. 12ರತ್ತ ಕುಸಿದರೆ ಬ್ಯಾಟರಿ ಅಥವಾ ಆಲ್ಟರ್ನೇಟರ್ ಪರೀಕ್ಷೆ ಮಾಡಿಸಬೇಕು.

ಬ್ಯಾಟರಿ ಸರಿಯಿದ್ದೂ ಕರೆಂಟು ಮೋಟಾರಿಗೆ ತಲುಪದಿರಬಹುದು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಬಣ್ಣವಿಲ್ಲದ ಬಾಡಿಯ ಲೋಹಕ್ಕೆ ತಾಗಿಸಿ, ಸ್ಟೀರಿಂಗ್ ತಿರುಗಿಸುವಾಗ ನೋಡಿದರೆ 0.2 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ತೋರಿಸಿದರೆ ಅರ್ಥಿಂಗ್ ತಂತಿಯ ಬೋಲ್ಟು ತುಕ್ಕು ಹಿಡಿದಿದೆ. ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿಯಬೇಕು. ಉಡುಪಿ, ಕಾರವಾರದಂತಹ ಕಡಲತಡಿಯ ಊರುಗಳಲ್ಲಿ ಉಪ್ಪುಗಾಳಿಯಿಂದ ಈ ತೊಂದರೆ ಬೇಗ ಕಾಣಿಸಿಕೊಳ್ಳುತ್ತದೆ. ಟರ್ಮಿನಲ್ ಮೇಲಿನ ಬಿಳಿ-ಹಸಿರು ಹುಡಿಗೆ ಬಿಸಿನೀರಿನಲ್ಲಿ ಕರಗಿಸಿದ ಅಡುಗೆ ಸೋಡಾ ಹಾಕಿದರೆ ಬುರುಬುರು ನೊರೆ ಬಂದು ಕರಗುತ್ತದೆ. ಒಣಗಿಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಆಮೇಲೆ ಸ್ಟೀರಿಂಗ್ ದೀಪ ಹೊತ್ತಿಕೊಂಡೇ ಇದ್ದರೆ ಗಾಬರಿ ಬೇಡ. ಕೆಲವು ಕಾರುಗಳಲ್ಲಿ ಎಂಜಿನ್ ಓಡುವಾಗ ಸ್ಟೀರಿಂಗನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ಸ್ವಲ್ಪ ದೂರ ಓಡಿಸಿದರೆ ಅದು ತಾನಾಗಿ ಆರುತ್ತದೆ.

ಫ್ಯೂಸುಗಳನ್ನು ಎರಡು ಕಡೆ ನೋಡಬೇಕು: ಬಾನೆಟ್ಟಿನೊಳಗಿನ ಪೆಟ್ಟಿಗೆಯಲ್ಲಿರುವ ದೊಡ್ಡ ಫ್ಯೂಸು ಮೋಟಾರಿಗೆ, ಡ್ಯಾಶ್‌ಬೋರ್ಡಿನ ಕೆಳಗಿನ ಸಣ್ಣದು ನಿಯಂತ್ರಣ ಪೆಟ್ಟಿಗೆಗೆ. ಹೋದ ಫ್ಯೂಸಿನ ಜಾಗಕ್ಕೆ ಅದೇ ಆಂಪಿಯರಿನದನ್ನೇ ಹಾಕಿ; ಮತ್ತೆ ಹೋದರೆ ಎಲ್ಲಿಯೋ ಶಾರ್ಟ್ ಆಗಿದೆ, ತಂತಿ ಸುತ್ತಿ ಓಡಿಸುವುದು ಕಾರಿಗೆ ಬೆಂಕಿ ಇಟ್ಟಂತೆ. ಇಲಿ ಕಡಿದ ವೈರುಗಳನ್ನೂ ಹುಡುಕಿ. ಅಡಿಕೆ, ಭತ್ತ ಇಡುವ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಣ್ಣ ಜಾಗದಲ್ಲಿ ಮತ್ತೆ ಮತ್ತೆ ಹಿಂದೆ ಮುಂದೆ ಮಾಡಿ ನಿಲ್ಲಿಸುವಾಗ ಸ್ಟೀರಿಂಗ್ ಕ್ರಮೇಣ ಭಾರವಾಗಿ, ಕಾಲು ಗಂಟೆ ಬಿಟ್ಟಾಗ ಸರಿಹೋದರೆ ಅದು ದೋಷವೇ ಅಲ್ಲ. ಕಾದ ಮೋಟಾರನ್ನು ಪೆಟ್ಟಿಗೆ ಕಾಪಾಡುತ್ತಿದೆ. ಕಾರಿನ ನಿಯಂತ್ರಣ ಪೆಟ್ಟಿಗೆಗಳು ದಾಖಲಿಸಿದ ದೋಷದ ಸಂಕೇತಗಳನ್ನು ತೋರಿಸುವ ಒಬಿಡಿ ಸ್ಕ್ಯಾನರ್ ಇದ್ದವರು ಆ ಕೋಡ್ ಓದಿಕೊಳ್ಳಬಹುದು: ಸಿ ಅಕ್ಷರದಿಂದ ಆರಂಭವಾಗುವವು ಸ್ಟೀರಿಂಗ್, ಬ್ರೇಕಿನಂತಹ ಭಾಗಗಳಿಗೆ, ಯು ಅಕ್ಷರದವು ಪೆಟ್ಟಿಗೆಗಳ ನಡುವಿನ ಸಂಪರ್ಕಕ್ಕೆ ಸಂಬಂಧಿಸಿದವು. ಅಗ್ಗದ ಸ್ಕ್ಯಾನರುಗಳು ಹೆಚ್ಚಾಗಿ ಎಂಜಿನ್ನಿನ ಕೋಡನ್ನಷ್ಟೇ ಓದುತ್ತವೆ, ಆದ್ದರಿಂದ ಅದರಲ್ಲಿ ಏನೂ ಬರಲಿಲ್ಲವೆಂದು ಸ್ಟೀರಿಂಗ್ ಸರಿಯಿದೆ ಎಂದು ತಿಳಿಯಬಾರದು. ನಿಂತಲ್ಲಿ ಚಕ್ರವನ್ನು ತುಸು ಎಡಬಲಕ್ಕೆ ಅಲ್ಲಾಡಿಸಿದಾಗ ಕಟ್ ಕಟ್ ಎನ್ನುವ ಸದ್ದು ಕಾಲಮ್ಮಿನಿಂದಲೇ, ಅಂದರೆ ಸ್ಟೀರಿಂಗ್ ಚಕ್ರದ ಕೆಳಗೆ ಶಾಫ್ಟನ್ನು ಹಿಡಿದಿರುವ ಕೊಳವೆಯಿಂದಲೇ ಬಂದರೆ, ಕೆಲವು ಕಾರುಗಳಲ್ಲಿ ಮೋಟಾರಿಗೂ ಗೇರಿಗೂ ನಡುವಿನ ಸಣ್ಣ ರಬ್ಬರ್ ಕಪ್ಲಿಂಗ್ ಪುಡಿಯಾಗಿರುತ್ತದೆ. ಅದರ ಬೆಲೆ ಅಲ್ಪವಾದರೂ ಕಾಲಮ್ಮನ್ನೇ ಇಳಿಸಬೇಕಾದ್ದರಿಂದ ಬಲ್ಲವರಿಗೆ ಒಪ್ಪಿಸಿ.

ಲೋಹದ ಭಾಗಗಳು

ಎತ್ತಿದ ಚಕ್ರವನ್ನು ಎಡಬಲ ಬದಿಗಳಲ್ಲಿ ಹಿಡಿದು ಅಲ್ಲಾಡಿಸಿದಾಗ ಆಡಿದರೆ ರ‍್ಯಾಕನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿಯಾದ ಟೈ ರಾಡ್ ಎಂಡು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಬಾಲ್ ಜಾಯಿಂಟು ಅಥವಾ ಚಕ್ರದ ಬೇರಿಂಗು. ಸ್ಟೀರಿಂಗ್ ಒಂದು ಸುತ್ತಿಗೆ ಎರಡು ಸಲ, ಅದೇ ಜಾಗಗಳಲ್ಲಿ ಹಿಡಿದುಕೊಂಡರೆ ಶಾಫ್ಟಿನ ಕ್ರಾಸ್ ಜಾಯಿಂಟು ತುಕ್ಕು ಹಿಡಿದಿದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಅದಕ್ಕೆ ಚಿಮುಕಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ಸಡಿಲವಾದರೂ ಹೊಸದನ್ನು ತರಿಸಿಕೊಳ್ಳಿ, ಏಕೆಂದರೆ ಅದು ಮತ್ತೆ ಹಿಡಿಯುತ್ತದೆ. ಶಾಫ್ಟನ್ನು ಬಿಚ್ಚುವ ಮೊದಲು ಎರಡೂ ಭಾಗಗಳ ಮೇಲೆ ಬಣ್ಣದ ಗೆರೆ ಎಳೆದು, ಸ್ಟೀರಿಂಗ್ ಚಕ್ರವನ್ನು ಸೀಟ್ ಬೆಲ್ಟಿನಿಂದ ಕಟ್ಟಿ ಅಲುಗದಂತೆ ಮಾಡಬೇಕು. ಅದು ತಾನಾಗಿ ಸುತ್ತಿಕೊಂಡರೆ ಏರ್‌ಬ್ಯಾಗಿಗೆ ಹೋಗುವ ಸುರುಳಿ ಕೇಬಲ್ ತುಂಡಾಗುತ್ತದೆ. ಟೈ ರಾಡ್ ಎಂಡನ್ನು ನೀವೇ ಬದಲಿಸುವುದಾದರೆ ಹಳೆಯದು ಎಷ್ಟು ಸುತ್ತಿಗೆ ಹೊರಬಂತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ, ಹೊಸ ಕಾಟರ್ ಪಿನ್ನು ಚುಚ್ಚಿ, ನೇರವಾಗಿ ಅಲೈನ್‌ಮೆಂಟಿಗೆ ಒಯ್ಯಿರಿ.

ರ‍್ಯಾಕು ಅಥವಾ ಪಂಪಿನ ಒಳಭಾಗ, ಕಡ್ಡಿಯ ತಿರುಚುವಿಕೆ ಅಳೆಯುವ ಟಾರ್ಕ್ ಸೆನ್ಸರ್, ಏರ್‌ಬ್ಯಾಗ್ ಇರುವ ಸ್ಟೀರಿಂಗ್ ಚಕ್ರ ಇವನ್ನು ಮನೆಯಲ್ಲಿ ಬಿಚ್ಚಬಾರದು. ಓಡುವಾಗ ಸ್ಟೀರಿಂಗ್ ಸಿಕ್ಕಿಕೊಂಡು ನಿಂತದ್ದು ಒಮ್ಮೆಯಾದರೂ ಅನುಭವಕ್ಕೆ ಬಂದಿದ್ದರೆ ಗಾಡಿಯನ್ನು ಗ್ಯಾರೇಜಿನವರೆಗೂ ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ರಿಪೇರಿಯಾದ ಮೇಲೆ

ಖಾಲಿ ಮೈದಾನದಲ್ಲಿ ಗಂಟೆಗೆ 10ರಿಂದ 20 ಕಿಲೋಮೀಟರ್ ವೇಗದಲ್ಲಿ ಎಂಟರ ಆಕಾರದಲ್ಲಿ ಐದಾರು ಸುತ್ತು ಓಡಿಸಿ, ಎರಡೂ ಕಡೆಗೆ ಭಾರ ಒಂದೇ ಇದೆಯೇ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆಯೇ ಎಂದು ಗಮನಿಸಿ. ಮನೆಗೆ ಬಂದು ನಿಲ್ಲಿಸಿದ ಕೂಡಲೇ ಎಣ್ಣೆಯ ಮಟ್ಟವನ್ನು ಬಿಸಿ ಗುರುತಿನೊಂದಿಗೆ ಹೋಲಿಸಿ, ಮುಂಭಾಗದ ಅಡಿಗೆ ಒಣ ರಟ್ಟನ್ನು ಹಾಸಿ, ಅದರ ಮೇಲೆ ಎಡಚಕ್ರದ ಬದಿ ಯಾವುದು, ಬಲಚಕ್ರದ ಬದಿ ಯಾವುದು ಎಂದು ಪೆನ್ನಿನಿಂದ ಬರೆದಿಡಿ. ಬೆಳಿಗ್ಗೆ ಅದರ ಮೇಲೆ ಕೆಂಪು ಹನಿ ಕಂಡರೆ ಯಾವ ಕಡೆಯಿಂದ ಮತ್ತೆ ಹುಡುಕಬೇಕೆಂಬುದು ಅಲ್ಲಿಯೇ ಗೊತ್ತಾಗುತ್ತದೆ. ಏನೂ ಇಲ್ಲದಿದ್ದರೆ ಒಂದು ವಾರ ಬಿಟ್ಟು ಕ್ಲಾಂಪುಗಳನ್ನು ಇನ್ನೊಮ್ಮೆ ಬಿಗಿಯಿರಿ.